ಕೇಳುವವರಿಗೂ ಒಂದು ದೇಹವಿದೆ

ಕೆಲವು ವರ್ಷಗಳ ಹಿಂದೆ, ನಾನು ಕನ್ನಡ ಪಾಠ ಮಾಡುತ್ತಿದ್ದ ಪದವಿ ಕಾಲೇಜಿಗೆ ಎಲ್ಲಮ್ಮ ದೇವಿಗೆ ಮುತ್ತು ಕಟ್ಟಿಸಿಕೊಂಡು ಹೆಣ್ಣಾಗಿ ಬದುಕುವ ಒಬ್ಬ ಜೋಗತಿ ಕಲಾವಿದೆಯನ್ನು ಕರೆಸಿದ್ದೆವು. ಮಾರ್ಚ್ 8ರ ಮಹಿಳಾ ದಿನದ ಕಾರ್ಯಕ್ರಮ. ತಲೆಯ ಮೇಲೆ ಕೊಡ ಹೊತ್ತು, ಎರಡೂ ಕೈ ಬಿಟ್ಟು, ಚೌಡಿಕೆಯ ಲಯಕ್ಕೆ ಅವರು ಕುಣಿದರು. ಎಲ್ಲಮ್ಮನ ಕಥೆ ಹಾಡಿದರು. ಮುಕ್ಕಾಲು ಗಂಟೆ ಸಭಾಂಗಣದಲ್ಲಿ ಪಿಸುಮಾತು ಕೂಡ ಇರಲಿಲ್ಲ. ಆಮೇಲೆ ಸಂವಾದ ಶುರುವಾಗಿ ಚೀಟಿಗಳು ಬಂದವು. ನಿಮಗೆ ಇದು ಯಾವಾಗ ಗೊತ್ತಾಯಿತು? ಆಪರೇಷನ್ ಮಾಡಿಸಿಕೊಂಡಿದ್ದೀರಾ? ಮದುವೆ ಆಗಬಹುದಾ? ಕೊಡ ಜಾರದಂತೆ ಕುಣಿಯಲು ಎಷ್ಟು ವರ್ಷ ಕಲಿತಿರಿ ಎಂದು ಒಬ್ಬರೂ ಕೇಳಲಿಲ್ಲ. ಅವರು ಎಲ್ಲಕ್ಕೂ ತಾಳ್ಮೆಯಿಂದ ಉತ್ತರಿಸಿದರು. ಶಾಲು, ಹಾರ, ಫಲತಾಂಬೂಲ, ಫೋಟೊ ಎಲ್ಲ ಮುಗಿಯಿತು. ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ತಿಳಿಯಿತು, ಬೆಳಿಗ್ಗೆಯಿಂದ ಅವರು ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ. ಯಾಕಮ್ಮ ಎಂದರೆ, "ಕುಡುದ್ರ ಮುಂದ ಎಲ್ಲಿಗ್ ಹೋಗ್ಲಿ ಹೇಳ್ರಿ ಮೇಡಂ" ಅಂದರು. ನಮ್ಮ ಕಾಲೇಜಿನ ಶೌಚಾಲಯಗಳಿಗೆ ಎರಡೇ ಬೋರ್ಡುಗಳಿದ್ದವು.

ಆ ಮಾತು ನನ್ನನ್ನು ಬಹಳ ಕಾಲ ಕಾಡಿದೆ. ದೇಹ, ಲಿಂಗತ್ವ, ಗುರುತು ಇವುಗಳ ಬಗ್ಗೆ ಕಾಲೇಜುಗಳು ಕಾರ್ಯಕ್ರಮ ನಡೆಸಬೇಕೇ? ನಡೆಸುವುದಾದರೆ ಯಾರಿಗಾಗಿ? ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು, ಖಂಡಿತ. ಎರಡನೆಯದಕ್ಕೆ ಉತ್ತರ ಹುಡುಕುವುದು ಈ ಬರಹದ ಕೆಲಸ.

ಇಂಥ ವಿಷಯ ವಿದ್ಯಾಸಂಸ್ಥೆಗೆ ಹೊರಗಿನದು ಎಂದು ಹೇಳುವವರು ಒಂದನ್ನು ಗಮನಿಸಬೇಕು. ಕಾಲೇಜು ದೇಹದ ಬಗ್ಗೆ ದಿನವೂ ಪಾಠ ಮಾಡುತ್ತಲೇ ಇರುತ್ತದೆ. ಹುಡುಗಿಯರ ಹಾಸ್ಟೆಲ್ಲಿನ ಗೇಟು ಸಂಜೆ ಎಷ್ಟಕ್ಕೆ ಮುಚ್ಚಬೇಕು, ಹುಡುಗರದ್ದು ಎಷ್ಟಕ್ಕೆ. ಯಾರು ದುಪಟ್ಟಾ ಹೊದೆಯಬೇಕು, ಯಾರ ಕೂದಲು ಎಷ್ಟು ಉದ್ದ ಇರಬಹುದು. ತರಗತಿಯಲ್ಲಿ ಯಾವ ಬದಿಯ ಬೆಂಚು ಯಾರದ್ದು. ಇವೆಲ್ಲ ದೇಹದ ಪಾಠಗಳೇ. ಪರೀಕ್ಷೆ ಇಲ್ಲದ ಈ ಪಾಠಗಳನ್ನು ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ. ಪರೀಕ್ಷೆ ಇರುವ ಪಾಠದ ಕಥೆ ಬೇರೆ. ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ತಿರುವಿದ ಮೇಷ್ಟ್ರನ್ನು ನನ್ನ ತಲೆಮಾರಿನ ಬಹುಪಾಲು ಜನ ಕಂಡಿದ್ದೇವೆ. ಹೀಗೆ ನಿಯಮಗಳು ಮಾತಾಡುತ್ತವೆ, ಪುಸ್ತಕ ಮೌನವಾಗಿರುತ್ತದೆ. ಉಪನ್ಯಾಸ, ನಾಟಕ, ಸಂವಾದಗಳು ಈಗಾಗಲೇ ನಡೆದಿರುವ ಆ ಮೂಕ ಪಾಠವನ್ನು ಬಾಯಿಬಿಟ್ಟು ಚರ್ಚಿಸಲು ಸಿಗುವ ಜಾಗ.

ಕಾನೂನು ಗೊತ್ತಾದರೆ ಸಾಲದೇ, ಕುಣಿತ, ನಾಟಕ ಯಾಕೆ? ಕಾನೂನು ಗೊತ್ತಾಗಲೇಬೇಕು. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಇಂಥ ಚರ್ಚೆಯಲ್ಲಿ ನಮ್ಮ ವಿದ್ಯಾಸಂಸ್ಥೆಗಳ ಪಾಲೂ ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಲಿಂಗಿಗಳ ಹಕ್ಕುಗಳ ಬಗ್ಗೆ ವಿಚಾರ ಸಂಕಿರಣ ನಡೆದದ್ದು 1997ರಲ್ಲೇ. ಆದರೆ ತೀರ್ಪು ತಲೆಗೆ ತಲುಪುತ್ತದೆ, ಮೈಗೆ ತಲುಪುವುದಿಲ್ಲ. ಪಕ್ಕದ ಬೆಂಚಿನವನ ನಡಿಗೆ ನೋಡಿ ನಗುವುದು ತಲೆಯಲ್ಲ, ರೂಢಿಬಿದ್ದ ಮೈ. ಆ ರೂಢಿಯನ್ನು ಸಡಿಲಿಸುವ ಶಕ್ತಿ ಕಲೆಗೆ ಇದೆ.

ಕರಾವಳಿಯ ಕಾಲೇಜುಗಳಲ್ಲಿ ಯಕ್ಷಗಾನ ಕಲಿಯುವ ಹುಡುಗನನ್ನು ನೆನೆಯಿರಿ. ಅವನಿಗೆ ದ್ರೌಪದಿಯ ವೇಷ ಬಂದಿದೆ. ಹೆಜ್ಜೆ ಕಿರಿದಾಗಬೇಕು, ಕತ್ತು ಹೀಗೆ ವಾಲಬೇಕು, ಸೆರಗು ಹಿಡಿಯುವ ಬೆರಳು ಹೀಗಿರಬೇಕು ಎಂದು ಗುರು ತಿದ್ದುತ್ತಾರೆ. ತಿಂಗಳುಗಟ್ಟಲೆ ಕಲಿತ ಮೇಲೆ ಅವನಿಗೆ ಹೊಳೆಯುವ ಸಂಗತಿ ದೊಡ್ಡದು: ಹೆಣ್ಣಿನ ನಡಿಗೆ ಎಂದು ತಾನು ತಿಳಿದದ್ದರಲ್ಲಿ ಹುಟ್ಟಿನಿಂದ ಬಂದದ್ದಕ್ಕಿಂತ ಕಲಿತು ಬಂದದ್ದೇ ಹೆಚ್ಚು. ಹಾಗಾದರೆ ತನ್ನ ಗಂಡಸಿನ ನಡಿಗೆ? ಅದನ್ನು ತಿದ್ದಿದ ಗುರುಗಳು ಯಾರು? ಇದನ್ನು ಯಾವ ಉಪನ್ಯಾಸವೂ ಅಷ್ಟು ಆಳವಾಗಿ ಕಲಿಸಲಾರದು.

ಎದುರು ದಿಕ್ಕಿನಿಂದ ಬಂದವರು ಆರ್. ನಾಗರತ್ನಮ್ಮ. 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಎಲ್ಲ ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. ಕಂಸ, ದುರ್ಯೋಧನರಾಗಿ ಗದೆ ಹೊತ್ತು ರಂಗಕ್ಕೆ ಬಂದ ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಹೆಣ್ಣಿನ ದನಿಗೆ ಇಷ್ಟೇ ಎತ್ತರ ಎಂದು ನಂಬಿದ್ದ ಪ್ರೇಕ್ಷಕರು ಅವರ ಕಂಸನ ಎದುರು ಆ ನಂಬಿಕೆಯನ್ನು ಬದಲಿಸಿಕೊಳ್ಳಲೇಬೇಕಿತ್ತು. ಗಿರೀಶ ಕಾರ್ನಾಡರ 'ಹಯವದನ' ಇದೇ ಗಂಟನ್ನು ಬೇರೆ ತುದಿಯಿಂದ ಬಿಚ್ಚುತ್ತದೆ. ಒಬ್ಬನ ತಲೆ ಇನ್ನೊಬ್ಬನ ಮುಂಡಕ್ಕೆ ಸೇರಿದಾಗ ಅವನು ಯಾರು? ತಲೆಯೇ ಪ್ರಧಾನ ಎಂದು ನಾಟಕದೊಳಗೆ ತೀರ್ಪು ಬರುತ್ತದೆ, ಆದರೆ ಮೈಯ ನೆನಪು ಸುಮ್ಮನಿರುವುದಿಲ್ಲ. ಸಲಿಂಗಿ ಬದುಕಿನ ಕಥೆಗಳಿರುವ ವಸುಧೇಂದ್ರರ 'ಮೋಹನಸ್ವಾಮಿ' ಬಂದದ್ದು 2013ರಲ್ಲಿ. ಹಿಜ್ರಾ ಸಮುದಾಯದ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಕನ್ನಡದಲ್ಲಿ 'ಬದುಕು ಬಯಲು' ಆಯಿತು, ನಾಟಕವಾಗಿ ರಂಗಕ್ಕೂ ಬಂತು. ಊರಲ್ಲಿ ತನ್ನಂಥವರು ಯಾರೂ ಇಲ್ಲ ಎಂದುಕೊಂಡು ಒಳಗೇ ಒಣಗುವ ಒಬ್ಬ ವಿದ್ಯಾರ್ಥಿಗೆ ತನ್ನದೇ ಭಾಷೆಯಲ್ಲಿ ಇಂಥದ್ದೊಂದು ಪುಸ್ತಕ ಇದೆ ಎಂದು ತಿಳಿಯುವುದು ಜೀವ ಹಿಡಿದು ನಿಲ್ಲಿಸುವ ಸಂಗತಿ.

ಇದು ಪರದೇಶದ ಸರಕು ಎಂಬ ಆಕ್ಷೇಪ ಈ ಹೊತ್ತಿಗೆ ಬಂದೇ ಬರುತ್ತದೆ. ಆದರೆ ನಡುವೆ ಸುಳಿವ ಆತ್ಮಕ್ಕೆ ಹೆಣ್ಣು ಗಂಡೆಂಬುದಿಲ್ಲ ಎಂದು ಜೇಡರ ದಾಸಿಮಯ್ಯ ಸಾರಿ ಸಾವಿರ ವರ್ಷದ ಹತ್ತಿರ ಆಯಿತು. ವಿರಾಟನ ಅರಮನೆಯಲ್ಲಿ ಉತ್ತರೆಗೆ ನಾಟ್ಯ ಕಲಿಸಿದ ಬೃಹನ್ನಳೆ ನಮ್ಮ ಗಮಕಿಗಳ ದನಿಯಲ್ಲಿ ಇಂದಿಗೂ ಓಡಾಡುತ್ತಾಳೆ. ಸವದತ್ತಿಯ ಗುಡ್ಡ, ತುಂಗಭದ್ರೆಯ ದಂಡೆಯ ಹುಲಿಗಿ, ಅಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗತಿಯರು ಯಾವ ಪರದೇಶದಿಂದಲೂ ಬಂದವರಲ್ಲ. ಹೊರಗಿನಿಂದ ಬಂದದ್ದು ಹಿಜ್ರಾ ಸಮುದಾಯವನ್ನು ಅಪರಾಧಿಗಳಂತೆ ನೋಂದಾಯಿಸಿದ 1871ರ ಬ್ರಿಟಿಷ್ ಕಾಯ್ದೆ.

ಆದರೆ ಪರಂಪರೆಯ ಹೆಸರು ಹೇಳಿ ನಿರಾಳವಾಗುವುದೂ ತಪ್ಪು. ಮಂಗಳವಾರ ಶುಕ್ರವಾರ ಬಾಗಿಲಿಗೆ ಬಂದ ಜೋಗತಿಗೆ ಕೈಮುಗಿದು ಮೊರದಲ್ಲಿ ಜೋಳ ಹಾಕುವ ಮನೆಯೇ ಅವಳಿಗೆ ಬಾಡಿಗೆಗೆ ಕೋಣೆ ಕೊಡುವುದಿಲ್ಲ. ದೇವರ ಹೆಸರಿನ ಗೌರವ ಹೊಸ್ತಿಲ ಹೊರಗೇ ಮುಗಿಯುತ್ತದೆ. ಮಂಜಮ್ಮ ಜೋಗತಿಯವರ ಬದುಕು ಮುಖ್ಯವಾಗುವುದು ಇಲ್ಲಿ. ಬೇಡಿ ಬದುಕಿದ ದಿನಗಳನ್ನು ದಾಟಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ತೆಗೆದುಕೊಳ್ಳುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಹರಸುವ ಕೆಲಸವನ್ನು ಹೊಸ್ತಿಲಾಚೆಯಿಂದ ಸಭೆಯ ನಡುವಿಗೆ ತಂದ ಗಳಿಗೆ ಅದು. ಅಧ್ಯಕ್ಷರ ಕುರ್ಚಿ ಅವರಿಗೆ ಸಿಕ್ಕಿದ್ದು ಕಲಾವಿದೆ ಎಂಬ ಹಕ್ಕಿನಿಂದ.

ಹೆತ್ತವರ ಆತಂಕವನ್ನು ನಾನು ಹಗುರವಾಗಿ ನೋಡಲಾರೆ. "ಇದನ್ನೆಲ್ಲ ಹೇಳಿ ಮಕ್ಕಳ ತಲೆ ಕೆಡಿಸಬೇಡಿ" ಎಂದು ಒಬ್ಬ ತಂದೆ ನನ್ನ ಎದುರು ಕೂತು ಹೇಳಿದ್ದರು. ಅವರ ದನಿಯಲ್ಲಿ ಸಿಟ್ಟಿಗಿಂತ ಭಯವಿತ್ತು. ಅವರಿಗೆ ನಾನು ಹೇಳಿದ್ದು ಇಷ್ಟು: ನಿಮ್ಮ ಮಗನ ಕೈಯಲ್ಲಿ ಫೋನ್ ಇದೆ. ದೇಹದ ಬಗ್ಗೆ ಅದು ಹೇಳುವುದಕ್ಕೆ ಲಂಗುಲಗಾಮಿಲ್ಲ, ತಿರುಗಿ ಪ್ರಶ್ನೆ ಕೇಳಲು ಎದುರಿಗೆ ಮನುಷ್ಯರಿಲ್ಲ. ಇಲ್ಲಿ ದೊಡ್ಡವರಿದ್ದಾರೆ, ಸಹಪಾಠಿಗಳಿದ್ದಾರೆ, ಹೇಳಿದ ಮಾತಿಗೆ ಹೊಣೆ ಹೊರುವವರಿದ್ದಾರೆ. ಮೌನದಿಂದ ಗೊಂದಲ ಕಡಿಮೆಯಾಗುವುದಿಲ್ಲ, ಒಂಟಿಯಾಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ವಿರೋಧಿಗಳಿಂದಲ್ಲ, ಆಮಂತ್ರಣ ಪಡೆದವರಿಂದಲೇ. ವರ್ಷಕ್ಕೊಮ್ಮೆ ಕರೆದು, ಕಥೆ ಹೇಳಿಸಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆ ತೋರಿಸುವ ಕಡತಕ್ಕೆ ಫೋಟೊ ಸೇರಿಸಿ ಕಳಿಸುತ್ತೀರಿ, ಇದರಿಂದ ನಮಗೇನು? ಈ ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋಗುವಂತಿಲ್ಲ. ಅದಕ್ಕೆ ನಾನು ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯ ಒಂದು ಸನ್ನಿವೇಶಕ್ಕೆ ಹೋಗುತ್ತೇನೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ತುಂಬಿದ ಸಭೆಯಲ್ಲಿ ಪ್ರಶ್ನಿಸುತ್ತಾನೆ. ನಿನ್ನ ಗಂಡ ಯಾರು? ಎಲ್ಲ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡಿರುವುದು ಯಾಕೆ? ಎಂಟು ಶತಮಾನಗಳಾಚೆಯ ಆ ಪ್ರಶ್ನೆಗಳಿಗೂ ನಮ್ಮ ಸಭಾಂಗಣದ ಚೀಟಿಗಳಿಗೂ ನಂಟಿದೆ. ಸಭೆ ತುಂಬ ಗಂಡಸರಿದ್ದರು, ಅವರ ಮೈ ಯಾರಿಗೂ ಪ್ರಶ್ನೆಯಾಗಲಿಲ್ಲ. ಆದರೆ ಅಕ್ಕನ ಉತ್ತರ ನೋಡಿ. ಮುಚ್ಚಿಕೊಂಡಿದ್ದು ತನ್ನ ನಾಚಿಕೆಗಲ್ಲ, ನೋಡುವ ನಿಮಗೆ ನೋವಾದೀತೆಂದು, ಎನ್ನುತ್ತಾಳೆ. ಒಂದೇ ಮಾತಿನಲ್ಲಿ ಪ್ರಶ್ನೆ ತಿರುಗಿ ಕೇಳಿದವರ ಮೈಯ ಮೇಲೆ ಬಂದು ನಿಲ್ಲುತ್ತದೆ. ಆ ಸಭೆ ದೊಡ್ಡದಾದದ್ದು ಆ ಉತ್ತರವನ್ನು ತಾಳಿಕೊಂಡು, ತಲೆಬಾಗಿದ್ದರಿಂದ.

ಕನ್ನಡದಲ್ಲಿ ಕೇಳುವುದು ಎಂಬ ಒಂದೇ ಪದಕ್ಕೆ ಪ್ರಶ್ನಿಸುವುದು, ಆಲಿಸುವುದು ಎಂಬ ಎರಡೂ ಅರ್ಥಗಳಿವೆ. ನಮ್ಮ ಕಾರ್ಯಕ್ರಮಗಳಲ್ಲಿ ಮೊದಲ ಅರ್ಥವೇ ತುಂಬಿಕೊಂಡಿದೆ. ಇಂಥ ಕಾರ್ಯಕ್ರಮ ಯಾರಿಗಾಗಿ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದೇ: ಅದು ಕೇಳುವವರಿಗಾಗಿ. ಗಂಡು ಹೆಣ್ಣೆಂಬ ಎರಡು ಬೋರ್ಡುಗಳ ಕೆಳಗೆ ಸಲೀಸಾಗಿ ನಡೆದುಹೋಗುವ ನಾವು, ನಮ್ಮ ಮೈಗೆ ಯಾರು ಏನು ಕಲಿಸಿದರು ಎಂದು ಮೊದಲ ಸಲ ಯೋಚಿಸಲಿಕ್ಕಾಗಿ. ಅತಿಥಿಯ ಬದುಕು ಪ್ರದರ್ಶನದ ವಸ್ತುವಾದರೆ ಕಾರ್ಯಕ್ರಮ ಸೋತಂತೆ.

ಇದನ್ನು ಒಪ್ಪಿದರೆ ಉಳಿದದ್ದು ತಾನಾಗಿ ಸ್ಪಷ್ಟವಾಗುತ್ತದೆ. ಕಲಾವಿದೆಯನ್ನು ಕಲಾವಿದೆ ಎಂದೇ ಕರೆಯಬೇಕು. ಬೇರೆ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆ ಕೊಡಬೇಕು. ಬರುವ ಮುನ್ನ ವಿದ್ಯಾರ್ಥಿಗಳು ಒಂದು ವಾರ ಓದಿರಬೇಕು, ಹೋದ ಮೇಲೆ ತರಗತಿಯಲ್ಲಿ ಮಾತು ಮುಂದುವರಿಯಬೇಕು. ನೆರೆಯವರ ಎದುರು ನಿನ್ನನ್ನು ಕೇಳಿದರೆ ನೀನು ಉತ್ತರಿಸುವೆಯಾ ಎಂಬ ಒಂದೇ ಜರಡಿಯಲ್ಲಿ ಪ್ರತಿ ಪ್ರಶ್ನೆಯನ್ನೂ ಸೋಸಬೇಕು. ಜೊತೆಗೆ ಕಚೇರಿಯೂ ಬದಲಾಗಬೇಕು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ರಕ್ಷಿಸುವ 2019ರ ಕಾಯ್ದೆಯ ಪ್ರಕಾರ ಶಿಕ್ಷಣ ಸಂಸ್ಥೆ ತಾರತಮ್ಯ ಮಾಡುವಂತಿಲ್ಲ. ಹಾಜರಿ ಪುಸ್ತಕದ ಹೆಸರು, ಹಾಸ್ಟೆಲ್ ಕೋಣೆ, ಶೌಚಾಲಯ, ದೂರು ಕೊಡುವ ಜಾಗ ಇವು ಭಾಷಣಕ್ಕಿಂತ ಸ್ಪಷ್ಟವಾಗಿ ಮಾತಾಡುತ್ತವೆ.

2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರ ಮೀಸಲಾತಿ ತಂದಿತು. ದೊಡ್ಡ ಹೆಜ್ಜೆ. ಆದರೆ 2011ರ ಜನಗಣತಿಯಲ್ಲಿ ಗಂಡೂ ಅಲ್ಲದೆ ಹೆಣ್ಣೂ ಅಲ್ಲದೆ ಇತರೆ ಎಂದು ದಾಖಲಾದ ದೇಶದ ಸುಮಾರು 4.88 ಲಕ್ಷ ಜನರಲ್ಲಿ ಸಾಕ್ಷರತೆ ಶೇ. 56ರ ಆಸುಪಾಸು, ದೇಶದ ಸರಾಸರಿ ಆಗ ಶೇ. 74. ಹುದ್ದೆಗೆ ಪದವಿ ಬೇಕು, ಪದವಿಗೆ ತರಗತಿಯಲ್ಲಿ ಉಳಿಯಬೇಕು. ಉಳಿಯುವುದು ಬಿಡುವುದು ಪಕ್ಕದ ಬೆಂಚಿನ ನಗುವಿನಲ್ಲಿ ತೀರ್ಮಾನವಾಗುತ್ತದೆ. ಆ ಬೆಂಚಿನವರೇ ನಾಳೆ ಶಿಕ್ಷಕರು, ನರ್ಸುಗಳು, ಠಾಣೆಯ ಸಬ್ ಇನ್‌ಸ್ಪೆಕ್ಟರುಗಳು. ಅವರ ಮನಸ್ಸನ್ನು ಮುಟ್ಟಲು ಕಾಲೇಜಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಎರಡು ವರ್ಷದ ಮೇಲೆ ಅದೇ ಕಲಾವಿದೆಯನ್ನು ಮತ್ತೆ ಕರೆದೆವು. ಈ ಸಲ ಮಾರ್ಚ್ ತಿಂಗಳಲ್ಲ, ಜಾನಪದ ಪಠ್ಯದ ಭಾಗವಾಗಿ ಮೂರು ದಿನದ ಶಿಬಿರಕ್ಕೆ. ಅಷ್ಟರಲ್ಲಿ ಸ್ಟಾಫ್ ರೂಮಿನ ಪಕ್ಕದ ಶೌಚಾಲಯದ ಬೋರ್ಡಿನಿಂದ 'ಮಹಿಳೆಯರ' ಎಂಬ ಪದ ಅಳಿಸಿಸಿದ್ದೆವು. ಅಷ್ಟನ್ನು ಮಾಡಿಸಲು ನಾಲ್ಕು ಸಭೆ ಬೇಕಾಯಿತು. ಶಿಬಿರದಲ್ಲಿ ಹುಡುಗ ಹುಡುಗಿಯರೆಲ್ಲ ಖಾಲಿ ಕೊಡ ಹೊತ್ತು ನಿಲ್ಲಲು ಕಲಿತರು. ಕೊಡ ಬೀಳದಿರಬೇಕಾದರೆ ಸೊಂಟ ಸಡಿಲ ಬಿಡಬೇಕು. ಹುಡುಗರಿಗೆ ಅದೇ ಕಷ್ಟವಾಯಿತು. "ನನಗೆ ಇದು ಯಾಕೆ ಬರಲ್ಲ ಅಮ್ಮ?" ಎಂದು ಒಬ್ಬ ಕೇಳಿದ. ಅವತ್ತು ಆ ಸಭಾಂಗಣದಲ್ಲಿ ಮೊದಲ ಸಲ ಒಬ್ಬ ಹುಡುಗ ತನ್ನ ಮೈಯ ಬಗ್ಗೆ ಪ್ರಶ್ನೆ ಕೇಳಿದ್ದ. ಅವರು ಅವನ ಹಿಂದೆ ನಿಂತು, ಎರಡೂ ಭುಜ ಹಿಡಿದು, ನಿಧಾನಕ್ಕೆ ತಿದ್ದತೊಡಗಿದರು.