ಚಳಿಗಾಲದ ನಡಿಗೆಗೆ ಡಂಬಳ

ಚಳಿಗಾಲದಲ್ಲಿ ಸುತ್ತಾಡಲು ಗೋಕರ್ಣ, ಮುರುಡೇಶ್ವರದ ಕಡಲತೀರಕ್ಕೆ ಹೋಗುವವರೇ ಬಹಳ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ಕಡಲಿಲ್ಲ; ದೊಡ್ಡ ಕೆರೆಯಿದೆ, ಹಳೆಯ ಊರಿದೆ. ಬೇಸಿಗೆಯಲ್ಲಿ ಕಾದು ಸುಡುವ ಈ ಸೀಮೆ ಕಾಲ್ನಡಿಗೆಗೆ ಹದವಾಗುವುದು ಡಿಸೆಂಬರ್, ಜನವರಿಯಲ್ಲಿ. ಮೊದಲು ನೋಡಬೇಕಾದ್ದು 12ನೇ ಶತಮಾನದ ದೊಡ್ಡಬಸಪ್ಪನ ಗುಡಿ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಗರ್ಭಗುಡಿಯನ್ನು 24 ಮೊನೆಗಳ ನಕ್ಷತ್ರದಂತೆ ಕಟ್ಟಿದ್ದಾರೆ. ಆ ಮೊನೆಗಳು ಗೋಡೆಯಲ್ಲಿ ನಿಲ್ಲದೆ ಶಿಖರದತ್ತ ಏರುತ್ತವೆ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಒಂದು ಮೊನೆ ಬೆಳಗುತ್ತದೆ, ಪಕ್ಕದ ಸಂದು ಕಪ್ಪಾಗುತ್ತದೆ. ನಿಂತು ನೋಡಿದರೆ ಸಾಲದು, ಸುತ್ತು ಹಾಕಲೇಬೇಕು. ಸೋಮೇಶ್ವರ ಗುಡಿಯೂ ಇಲ್ಲಿದೆ. ಊರಿನ 1095ರ ಶಾಸನ ಬೌದ್ಧ ವಿಹಾರವನ್ನು, ತಾರಾದೇವಿಯನ್ನು ಸ್ಮರಿಸುತ್ತದೆ. ಇವನ್ನೆಲ್ಲ ನಡೆದೇ ನೋಡುವಂತಾಗಲು ಗುಡಿಗಳು, ಊರಿನ ಜಪದ ಬಾವಿ, ಕೆರೆ ಏರಿಗಳನ್ನು ಜೋಡಿಸುವ ಕಾಲುದಾರಿ ಗುರುತಿಸಿ, ಕನ್ನಡ ಫಲಕ ಹಾಕುವ ಕೆಲಸ ತಡವಿಲ್ಲದೆ ಆಗಬೇಕು.

– ಓದುಗರು, ಡಂಬಳ