ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಕಾರ್ಖಾನೆಯ ಬಾಗಿಲು ತೆರೆಯಲಿ

ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಯು ನಾಲ್ಕು ವರ್ಷಗಳ, ಎಂಟು ಸೆಮಿಸ್ಟರುಗಳ ವ್ಯಾಸಂಗ. ಅಂತಿಮ ವರ್ಷದಲ್ಲಿ ಪ್ರಾಜೆಕ್ಟ್ ಕಡ್ಡಾಯ. ಆದರೆ ಹಣ ತೆತ್ತು ಸಿದ್ಧ ಪ್ರಾಜೆಕ್ಟ್ ಕೊಳ್ಳುವ ಪರಿಪಾಠ ಗುಟ್ಟೇನಲ್ಲ. ಅದರಿಂದ ಅಂಕಗಳು ಲಭಿಸುತ್ತವೆಯೇ ಹೊರತು ವಿದ್ಯೆಯಲ್ಲ.

ಅದೇ ಬೆಳಗಾವಿ ಎರಕದ ಉದ್ದಿಮೆಗೂ ಹೆಸರಾದ ಊರು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಹೀಗೆ ಬಿಲ್ಲು ಕಂಪ್ಯೂಟರಿಗೆ ಬಂದರೂ, ಅನೇಕ ಸಣ್ಣ ಘಟಕಗಳಲ್ಲಿ ದಾಸ್ತಾನು ಮತ್ತು ತಿರಸ್ಕೃತ ಮಾಲಿನ ಲೆಕ್ಕ ಇಂದಿಗೂ ಮೇಸ್ತ್ರಿಯ ಪುಸ್ತಕದಲ್ಲಿಯೇ ಉಳಿದಿದೆ. ಒಂದೇ ಬೋಲ್ಟು ಅಲ್ಲಿ ಮೂರು ಹೆಸರಿನಲ್ಲಿ ದಾಖಲಾಗಿರುತ್ತದೆ. ಇದನ್ನು ಸರಿಪಡಿಸುವ ವಿದ್ಯಾರ್ಥಿಗಳು ಡೇಟಾಬೇಸಿನ ಪಾಠವನ್ನು ಎಂದಿಗೂ ಮರೆಯಲಾರರು.

ಆದುದರಿಂದ ಪ್ರತಿಯೊಬ್ಬ ಉದ್ದಿಮೆದಾರರೂ ಸಮೀಪದ ಕಾಲೇಜಿಗೆ ವರ್ಷಕ್ಕೊಂದು ನೈಜ ಸಮಸ್ಯೆಯನ್ನು ಒಪ್ಪಿಸುವುದು ಉಚಿತ. ವಾರಕ್ಕೊಂದು ಗಂಟೆ ಮಾಲೀಕರೇ ಕುಳಿತು ವಿವರಿಸಬೇಕು. ಹೋಗಿಬರುವ ಖರ್ಚನ್ನು ಭರಿಸಬೇಕು. ಬಿಟ್ಟಿ ದುಡಿಮೆ ಎಂದು ಭಾವಿಸಿದರೆ ಫಲ ದೊರೆಯದು.

ಕೆಲಸ ಕಲಿತವರು ಬೆಂಗಳೂರಿನ ದೊಡ್ಡ ಕಂಪನಿಗಳನ್ನು ಸೇರುವರೆಂಬ ಆಕ್ಷೇಪವುಂಟು. ಅದು ನಿಜವೂ ಹೌದು. ಆದ್ದರಿಂದಲೇ ತಂತ್ರಾಂಶದೊಡನೆ ಅದರ ಬಳಕೆಯ ವಿವರವನ್ನು ಕನ್ನಡದಲ್ಲಿ ಬರೆದುಕೊಡುವ ಷರತ್ತು ಇರಬೇಕು. ಮುಂದಿನ ತಂಡ ಅದನ್ನು ಮುಂದುವರಿಸಬೇಕು. ನಾಲ್ವರು ಹೋದರೂ ಒಬ್ಬರು ಊರಿನಲ್ಲಿ ನಿಂತರೆ ಆ ಘಟಕಕ್ಕೆ ಅದೇ ಲಾಭ. ಪದವೀಧರರಿಗೆ ಕೆಲಸ ಬರುವುದಿಲ್ಲವೆಂದು ದೂರುವ ಉದ್ದಿಮೆ, ಕಲಿಸುವ ಹೊಣೆಯಲ್ಲಿ ತನ್ನ ಪಾಲನ್ನೂ ಹೊರಬೇಕಲ್ಲವೇ?