ತ್ಯಾಗವಾದದ್ದು ಯಾರ ಸ್ಥಾನ?

ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು 2023ರ ನವೆಂಬರಿನಲ್ಲಿ ನಿಧನರಾದಾಗ ಹೆಚ್ಚಿನವರು ನೆನೆದದ್ದು ಒಂದೇ ಸಂಗತಿ: ಇಂದಿರಾ ಗಾಂಧಿಯವರಿಗಾಗಿ ಅವರು ಲೋಕಸಭಾ ಸ್ಥಾನವನ್ನು ತ್ಯಾಗ ಮಾಡಿದ್ದು. ಈ ‘ತ್ಯಾಗ’ ಎಂಬ ಪದ ನನ್ನನ್ನು ಬಹುಕಾಲದಿಂದ ಕಾಡಿದೆ.

1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಅವರಿಗೆ ಸುರಕ್ಷಿತ ಕ್ಷೇತ್ರವೊಂದು ಬೇಕಾಗಿತ್ತು. ಉತ್ತರ ಭಾರತದಲ್ಲಿ ನೆಲಕಚ್ಚಿದ್ದ ಕಾಂಗ್ರೆಸ್ಸು ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಗೆದ್ದಿತ್ತು. ಇಲ್ಲಿ ದೇವರಾಜ ಅರಸರ ಸರ್ಕಾರವಿತ್ತು. ಚಿಕ್ಕಮಗಳೂರಿನಿಂದ ಎರಡನೆಯ ಬಾರಿ ಆಯ್ಕೆಯಾಗಿದ್ದ ಚಂದ್ರೇಗೌಡರು ರಾಜೀನಾಮೆಯಿತ್ತರು. 1978ರ ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಅವರು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.

ಅಮೆರಿಕದ ಆರಂಭಕಾಲದ ರಾಜಕಾರಣಿ ಆರನ್ ಬರ್‌ರದು ಇದಕ್ಕೆ ತದ್ವಿರುದ್ಧ ಕಥೆ. 1800ರ ಚುನಾವಣೆಯಲ್ಲಿ ಅವರಿಗೂ ಸ್ವಪಕ್ಷದ ಜೆಫರ್ಸನ್‌ರಿಗೂ ತಲಾ 73 ಮತಗಳು ಬಂದವು. ಅಧ್ಯಕ್ಷ ಪದವಿ ಜೆಫರ್ಸನ್‌ರಿಗೆಂದು ಪಕ್ಷದವರೆಲ್ಲ ಬಲ್ಲರಾದರೂ ಬರ್ ಹಿಂದೆ ಸರಿಯಲಿಲ್ಲ. 36ನೆಯ ಸುತ್ತಿನ ಮತದಾನದಲ್ಲಷ್ಟೇ ಪ್ರಶ್ನೆ ಬಗೆಹರಿಯಿತು. ಬಿಟ್ಟುಕೊಡದವರನ್ನು ಚರಿತ್ರೆ ಕ್ಷಮಿಸುವುದಿಲ್ಲ, ಬಿಟ್ಟುಕೊಟ್ಟವರನ್ನು ಕೊಂಡಾಡುತ್ತದೆ. ಆದರೆ ಬಿಟ್ಟುಕೊಟ್ಟ ವಸ್ತು ಯಾರದೆಂದು ಕೇಳುವವರು ವಿರಳ.

ಮಲೆನಾಡಿಗೆ ಈ ಪ್ರಶ್ನೆ ಬರಿಯ ತರ್ಕವಾಗಿರಲಿಲ್ಲ. ಕಳಸ, ಮೂಡಿಗೆರೆಗಳ ಬೆಳೆಗಾರ ಆಗ ತನ್ನ ಕಾಫಿಯನ್ನು ಮುಕ್ತವಾಗಿ ಮಾರುವಂತಿರಲಿಲ್ಲ. 1942ರ ಕಾಫಿ ಕಾಯಿದೆಯ ಪ್ರಕಾರ ಫಸಲು ಕಾಫಿ ಮಂಡಳಿಯ ಪೂಲಿಗೆ ಸೇರಬೇಕಿತ್ತು. ಹಣ ಕಂತು ಕಂತಾಗಿ ಕೈಸೇರುತ್ತಿತ್ತು. ಮಂಡಳಿ ಕೇಂದ್ರ ಸರ್ಕಾರದ ಅಧೀನ. ಆ ವ್ಯವಸ್ಥೆ 1990ರ ದಶಕದಲ್ಲಿ ಕಳಚುವವರೆಗೂ ಸಣ್ಣ ಹಿಡುವಳಿದಾರನ ಅಹವಾಲು ದೆಹಲಿಯನ್ನು ಮುಟ್ಟಲು ಸಂಸದರೇ ಮುಖ್ಯ ದಾರಿ. ಹಾಗಿರುವಾಗ 1978ರ ಡಿಸೆಂಬರ್ 19ರಂದು ಲೋಕಸಭೆ ಹಕ್ಕುಚ್ಯುತಿಯ ಆರೋಪದ ಮೇಲೆ ಇಂದಿರಾ ಅವರನ್ನು ಉಚ್ಚಾಟಿಸಿ ಜೈಲಿಗೂ ಕಳುಹಿಸಿತು. ಗೆದ್ದು ಆರೇಳು ವಾರ ತುಂಬುವುದರೊಳಗೆ ಕ್ಷೇತ್ರ ಮತ್ತೆ ಅನಾಥವಾಯಿತು. ಆ ನಿರ್ಣಯವನ್ನು ಲೋಕಸಭೆ 1981ರಲ್ಲಿ ರದ್ದುಪಡಿಸಿತು, ನಿಜ. ಅಷ್ಟರಲ್ಲಿ 1980ರ ಚುನಾವಣೆಯಲ್ಲಿ ಇಂದಿರಾ ರಾಯ್‌ಬರೇಲಿ, ಮೆದಕ್‌ಗಳಿಂದ ಸ್ಪರ್ಧಿಸಿ ಪ್ರಧಾನಿಯಾಗಿದ್ದರು.

ಮತದಾರರೇ ಒಪ್ಪಿ ಗೆಲ್ಲಿಸಿದರಲ್ಲ ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಅವರ ಮುಂದಿಟ್ಟದ್ದು ಪಕ್ಷ ಮೊದಲೇ ಮಾಡಿಕೊಂಡ ತೀರ್ಮಾನವನ್ನು.

ಚಂದ್ರೇಗೌಡರನ್ನು ಪಕ್ಷಾಂತರಿಯೆಂದು ಹಳಿದವರೂ ಉಂಟು. ಅರಸರ ಕಾಂಗ್ರೆಸ್ಸು, ಜನತಾ ಪಕ್ಷ, ಮತ್ತೆ ಕಾಂಗ್ರೆಸ್ಸು, ಕೊನೆಗೆ ಬಿಜೆಪಿ: ಪಟ್ಟಿ ಚಿಕ್ಕದಲ್ಲ. ಆದರೂ ಸಂಸತ್ತಿನ ಎರಡು ಸದನ, ರಾಜ್ಯದ ಎರಡು ಸದನ, ಹೀಗೆ ನಾಲ್ಕರಲ್ಲೂ ಕುಳಿತವರು ಬೆರಳೆಣಿಕೆಯಷ್ಟು ಮಂದಿ. 1983ರಿಂದ ವಿಧಾನಸಭಾಧ್ಯಕ್ಷರು, ಎಸ್.ಎಂ. ಕೃಷ್ಣ ಸಂಪುಟದಲ್ಲಿ ಕಾನೂನು ಸಚಿವರು, 2009ರಲ್ಲಿ ಬೆಂಗಳೂರು ಉತ್ತರದ ಸಂಸದರು. ಇಷ್ಟು ದೀರ್ಘವಾದ ಬದುಕನ್ನು ಒಂದು ರಾಜೀನಾಮೆ ಪತ್ರಕ್ಕೆ ಇಳಿಸುವುದು ಅವರಿಗೂ ಅನ್ಯಾಯವೇ. ಪಕ್ಷ ಬಿಟ್ಟಾಗ ಅವರು ಪಣಕ್ಕಿಟ್ಟದ್ದು ಸ್ವಂತ ಹೆಸರನ್ನು. 1978ರಲ್ಲಿ ಬಿಟ್ಟುಕೊಟ್ಟದ್ದು ಮಾತ್ರ ಬೇರೆಯವರು ನಂಬಿ ಕೊಟ್ಟಿದ್ದನ್ನು.